ರಾಜ ಹೋದ ಕಾಡು ಯಾವುದು?

"ಯಾವ ಕಾಡು? ತಿರುವನಂತಪುರವಾ?"

ವೇದಿಕೆಯ ಮೇಲೆ ರಾಣಿ ಹೀಗೆ ಕೇಳಿದ್ದೇ ತಡ, ಎರ್ನಾಕುಳಂನ ಆ ಹಾಲ್‌ನಲ್ಲಿ ಜನ ಬಿದ್ದು ಬಿದ್ದು ನಕ್ಕರು. ಕೊಚ್ಚಿಯವರಿಗೆ ತಿರುವನಂತಪುರ ಎಂದರೆ ಮೊದಲೇ ಅಷ್ಟಕ್ಕಷ್ಟೆ. (ಹೊಟ್ಟೆಪಾಡಿಗೆ ಬಂದ ನಾವು ಕನ್ನಡಿಗರೂ ಈಗ ಕೊಚ್ಚಿಯವರೇ.) ಅದನ್ನು ಕಾಡು ಎಂದರೆ ಕೇಳಬೇಕೆ? ನಾನೂ ನಕ್ಕೆ. ಆದರೆ ಆ ಮಾತು ನಾನು ಬರೆದದ್ದಾಗಿರಲಿಲ್ಲ.

ನಾಟಕ ಮಾತ್ರ ನನ್ನದೇ. ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಒಂದು ಕಿರುನಾಟಕ ಆಡಿಸುವ ಕರ್ಮ ಪ್ರತಿವರ್ಷ ನನ್ನ ತಲೆಗೇ ಬರುತ್ತದೆ. ಕಾಸರಗೋಡಿನವಳು, ಸರಕಾರಿ ನೌಕರಿಯವಳು, ಎರಡೂ ಭಾಷೆ ಬಲ್ಲವಳು. ಸಿಕ್ಕಿಬೀಳಲು ಇನ್ನೇನು ಬೇಕು?

ಈ ಸಲ ನಮ್ಮ ಹಳೆಯ ಕಾವ್ಯಗಳ ರಾಜನೊಬ್ಬನನ್ನು ಕೊಚ್ಚಿಗೆ ಕರೆತಂದೆ. ನಿಮಗೂ ಗೊತ್ತಿರುವವನೇ. ಕನ್ನಡಿ ನೋಡಿಕೊಳ್ಳುತ್ತಾನೆ, ಒಂದು ನರೆಗೂದಲು ಕಾಣುತ್ತದೆ. ಮುಗಿಯಿತು, ವೈರಾಗ್ಯ! ಮಗನಿಗೆ ಪಟ್ಟ ಕಟ್ಟಿ ಕಾಡಿಗೆ ನಡೆದೇಬಿಡುತ್ತಾನೆ. ಒಬ್ಬನಲ್ಲ, ಇಬ್ಬರಲ್ಲ, ಇಂಥ ರಾಜರು ಎಷ್ಟೋ ಮಂದಿ.

ನನ್ನ ರಾಜ ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡ್‌ನಲ್ಲಿ ದೊಡ್ಡ ಆಫೀಸರ್. ನರೆಗೂದಲು ಕಾಣುವುದು ಫ್ಲಾಟಿನ ಲಿಫ್ಟ್ ಕನ್ನಡಿಯಲ್ಲಿ. ಕಿರೀಟದ ಬದಲು ಮಗನ ಕೈಗೆ ಕಾರಿನ ಕೀ. ಕೊನೆಗೆ ರಾಣಿ ಆರತಿ ಎತ್ತಿ, "ಹೋಗಿ ಬನ್ನಿ ಸ್ವಾಮಿ, ನಿಮ್ಮ ದಾರಿ ದೊಡ್ಡದು" ಎನ್ನಬೇಕು. ಅವಳಿಗೆ ಇದ್ದದ್ದು ಅದೊಂದೇ ಮಾತು. ಅದನ್ನೂ ನಾನು ಉದಾರವಾಗಿ ಕೊಟ್ಟದ್ದು.

ರಾಣಿಯಾದವಳು ಅನಘಾ. ಏಳನೇ ಕ್ಲಾಸು. ಇಲ್ಲೇ ಬೆಳೆದ ಹುಡುಗಿ, ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರಿಸುತ್ತಾಳೆ. ಅಮ್ಮ ಸವಿತಾ ಚನ್ನರಾಯಪಟ್ಟಣದ ಕಡೆಯವಳು, ಮಲಯಾಳ ಇವತ್ತಿಗೂ ನಾಲಿಗೆಗೆ ಹತ್ತಿಲ್ಲ. ಅಪ್ಪ ಬ್ಯಾಂಕಿನಲ್ಲಿ. ತಿರುವನಂತಪುರಕ್ಕೆ ಟ್ರಾನ್ಸ್‌ಫರ್ ಆದಮೇಲೆ ಶನಿವಾರ ಬಂದು ಭಾನುವಾರ ಹೋಗುತ್ತಿದ್ದರು. "ಎಂತ, ಯಜಮಾನರು ಈಚೆಗೆ ಕಾಣುವುದೇ ಇಲ್ಲ?" ಎಂದರೆ ಸವಿತಾ, "ಆಡಿಟ್ ಅಂತೆ ಅಕ್ಕ, ರಜಾನೇ ಕೊಡ್ತಿಲ್ಲ" ಎನ್ನುತ್ತಿದ್ದಳು. ನಾವೂ ನಂಬಿದ್ದೆವು. ಬ್ಯಾಂಕಿನವರಿಗೆ ಆಡಿಟ್ ಇಲ್ಲದ ಕಾಲ ಯಾವುದು?

ರಿಹರ್ಸಲ್ ನಡೆದದ್ದೆಲ್ಲ ನಮ್ಮ ಮನೆಯಲ್ಲೇ. ಅನಘಾ ಒಂದು ದಿನವೂ ತಪ್ಪಿರಲಿಲ್ಲ. ವೇದಿಕೆ ಮೇಲೆ ಮಾತ್ರ ರಾಜ "ದೇವೀ, ನಾನು ಕಾಡಿಗೆ ಹೊರಟೆ" ಎಂದಾಗ ಆರತಿ ತಟ್ಟೆಯನ್ನು ಕೆಳಗಿಟ್ಟು, ಯಾವ ಕಾಡು ಎಂದು ಕೇಳಿಬಿಟ್ಟಳು. ರಾಜನಾಗಿದ್ದ ಹುಡುಗ ಕಕ್ಕಾಬಿಕ್ಕಿ.

"ಫೋನ್ ತಗೊಂಡು ಹೋಗ್ತೀರಾ? ಆಫ್ ಮಾಡ್ತೀರಾ?"

ನಗು.

"ಅಮ್ಮಂಗೆ ಮಲಯಾಳಂ ಬರಲ್ಲ. ಪಿಟಿಎ ಮೀಟಿಂಗ್‌ಗೆ ಯಾರು ಬರ್ತಾರೆ?"

ಇನ್ನೂ ನಗು. (ಯಾರ ಅಮ್ಮ? ರಾಣಿಯ ಅಮ್ಮ ನಾಟಕದಲ್ಲಿ ಎಲ್ಲಿದ್ದಳು? ಯಾರಿಗೂ ಹೊಳೆಯಲಿಲ್ಲ.) ಆಮೇಲೆ ಅವಳು ಕನ್ನಡವನ್ನೇ ಬಿಟ್ಟಳು. "ಎಂದಾ ಪರಯಾದೆ ಪೋಯದ್?" ಅಂದಳು. ಯಾಕೆ ಹೇಳದೆ ಹೋದದ್ದು?

ರಾಜ ಇನ್ನೂ ಅಲ್ಲೇ ನಿಂತಿದ್ದ, ಹೋಗಿಯೇ ಇರಲಿಲ್ಲ. ಪರದೆಯ ಸಂದಿಯಿಂದ ನೋಡಿದೆ. ಅಷ್ಟು ಜನರಲ್ಲಿ ನಗದೆ ಕೂತಿದ್ದವಳು ಸವಿತಾ ಒಬ್ಬಳೇ, ಬಾಯಿಗೆ ಸೆರಗು ಒತ್ತಿಕೊಂಡು.

ಪರದೆ ಎಳೆಸಿದೆ. ಚಪ್ಪಾಳೆಯೋ ಚಪ್ಪಾಳೆ. "ಏನ್ ಟೈಮಿಂಗ್ ಮೇಡಂ, ಸೂಪರ್!" ಎಂದರು ನಮ್ಮ ಕಾರ್ಯದರ್ಶಿಗಳು. ನಾನು ಬಾಯಿ ತೆರೆಯುವಷ್ಟರಲ್ಲಿ ಮೈಕಿನಲ್ಲಿ ಘೋಷಣೆಯೂ ಆಯಿತು: ಉತ್ತಮ ಹಾಸ್ಯನಟಿ, ಅನಘಾ. ಒಂದು ಸ್ಟೀಲ್ ಡಬ್ಬಿ ಕೊಟ್ಟರು. ಅವಳು ಅದನ್ನು ಎದೆಗವಚಿಕೊಂಡು ಇಳಿದು ಬಂದಳು. ಥೂ, ಎಂಥ ಜನ ನಾವು!

ಊಟದ ಹೊತ್ತಿಗೆ ಸವಿತಾ ಕೈತೊಳೆಯುವ ಕಡೆ ಸಿಕ್ಕಳು. ನಲ್ಲಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದಳು.

"ಅವ್ರು ಟ್ರಿವೆಂಡ್ರಮ್‌ನಲ್ಲಿ ಇಲ್ಲ ಕಣಕ್ಕ. ವಿಆರ್‌ಎಸ್ ತಗೊಂಡು ಓಣಂಗೆ ಮುಂಚೇನೇ ಹೋದ್ರಂತೆ. ಬ್ಯಾಂಕ್‌ನೋರು ಹೇಳಿದ್ಮೇಲೇ ನಂಗೆ ಗೊತ್ತಾಗಿದ್ದು. ಒಂದ್ಸಲ ಫೋನ್ ಮಾಡಿ, 'ಮನಸ್ಸಿಗೆ ಶಾಂತಿ ಬೇಕು, ಹುಡುಕ್ಬೇಡ' ಅಂದ್ರು. ಅಷ್ಟೇ. ಆಮೇಲೆ ಸ್ವಿಚ್ ಆಫ್."

"ಪೊಲೀಸಿಗೆ ಹೇಳ್ಲಿಲ್ವಾ ಮಾರಾಯ್ತಿ?"

"ಹೇಳ್ದೆ. ತಾನಾಗೇ ಹೋದೋರನ್ನ ಏನ್ ಮಾಡೋದು ಅಂದ್ರು. ಅದೂ ಇವ್ಳು ಟ್ರಾನ್ಸ್‌ಲೇಟ್ ಮಾಡಿ ಹೇಳಿದ್ದು."

ಇವಳು ಎಂದರೆ ಅನಘಾ. ಅಪ್ಪ ನಿಮ್ಮನ್ನು ಬಿಟ್ಟು ಹೋಗಿದ್ದಾರೆ ಎಂಬುದನ್ನು ಮಲಯಾಳದಲ್ಲಿ ಕೇಳಿ, ಅಮ್ಮನಿಗೆ ಕನ್ನಡದಲ್ಲಿ ಹೇಳಿದ ಹುಡುಗಿ. ಅವಳ ಕನ್ನಡ ಸುಧಾರಿಸಲಿ ಎಂದು ನಾನು ನಾಟಕ ಆಡಿಸಿದ್ದು!

ಅಲ್ಲ, ಶಾಂತಿ ಯಾರಿಗೆ ಬೇಡ? ನನಗೆ ಬೇಡವೇ? ಸವಿತಾಳಿಗೆ ಬೇಡವೇ? ಅವಳ ತಲೆಯಲ್ಲಿ ಎಷ್ಟು ನರೆ ಬಂದಿದೆ ಎಂದು ಅವತ್ತೇ ನಾನು ಹತ್ತಿರದಿಂದ ನೋಡಿದ್ದು. ಅವಳು ಯಾವ ಕಾಡಿಗೂ ಹೋಗಲಿಲ್ಲ. ಕುಕ್ಕರ್ ಇಡಬೇಕಲ್ಲ.

ಹೊರಡುವಾಗ ಅನಘಾ ನನ್ನ ಪಕ್ಕ ಬಂದು ನಿಂತಳು. "ಆಂಟಿ, ಕಥೆಯಲ್ಲಿ ಆ ರಾಜ ತಿರಿಚ್ಚು ಬರ್ತಾನಾ?" ತಿರುಗಿ ಬರುತ್ತಾನಾ ಎಂದು ಅವಳು ಕೇಳಿದ್ದು. ನಾನು ಓದಿದ ಕಾವ್ಯಗಳಲ್ಲಿ ಕಾಡಿಗೆ ಹೋದ ಒಬ್ಬ ರಾಜನೂ ರಾಣಿಯ ಮನೆಗೆ ವಾಪಸ್ ಬಂದಿಲ್ಲ. ಎಲ್ಲರೂ ಮೋಕ್ಷಕ್ಕೇ ಹೋಗಿದ್ದಾರೆ. ಅವಳ ತಲೆ ಸವರಿ ಆಟೊ ಹತ್ತಿಸಿದೆ.

(ಹೆಸರುಗಳನ್ನು ಬದಲಿಸಿದ್ದೇನೆ. ಇದನ್ನು ಬರೆಯಲೇ ಎಂದು ಸವಿತಾಳನ್ನು ಕೇಳಿದ್ದೆ. "ಬರೀರಿ ಅಕ್ಕ. ಅವ್ರು ಎಲ್ಲಾ ಬಿಟ್ಟಿರ್ಬೋದು, ನಿಮ್ಮ ಅಂಕಣ ಓದೋದು ಬಿಟ್ಟಿರಲ್ಲ" ಎಂದಳು.)

ನನಗೆ ಆ ನಂಬಿಕೆ ಇಲ್ಲ. ಆದರೂ ಮಗುವಿನ ಪರವಾಗಿ ಕೇಳುತ್ತಿದ್ದೇನೆ ರಾಜರೇ, ಯಾವ ಕಾಡು?