ಕೋಕದ ಚೀಲಕ್ಕೆ ಬಿದ್ದ ಪಟ

ಜಾಲ್ಸೂರಿನ ದೇರಣ್ಣ ಅಡಿಕೆ ಹೆಕ್ಕಲು ಕುಳಿತರೆ ನೋಡುವುದೇ ಒಂದು ಚಂದ. ಒಂದೊಂದನ್ನೇ ಬೆರಳಲ್ಲಿ ತಿರುಗಿಸಿ ಗಟ್ಟಿಯಾದದ್ದನ್ನು ಬಲಕ್ಕೆ ಎಸೆಯುತ್ತಾನೆ, ಬಿರಿದದ್ದನ್ನು, ಒಳಗೆ ಕಪ್ಪಾದದ್ದನ್ನು ಎಡಕ್ಕೆ. ಎಡದ ರಾಶಿಗೆ ನಮ್ಮಲ್ಲಿ ಕೋಕ ಎನ್ನುತ್ತಾರೆ. ಕೋಕವನ್ನು ಯಾರೂ ಬಿಸಾಡುವುದಿಲ್ಲ, ಅದಕ್ಕೂ ಅದರದ್ದೇ ಒಂದು ದರ ಉಂಟು. ದೇರಣ್ಣನ ಮನೆಯಲ್ಲಂತೂ ಅಜ್ಜಿಯ ಕಾಲದಿಂದ ಕೋಕದ ಚೀಲ ಮನೆಯ ಯಜಮಾನತಿಯದ್ದು. ಗಂಡಸರು ಅದಕ್ಕೆ ಕೈ ಹಾಕುವ ಹಾಗಿಲ್ಲ.

ಇದೇ ದೇರಣ್ಣ ಅರವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತ. ಕಲಿಸಿದವರಿಲ್ಲ. ಹೊಳೆಯಲ್ಲಿ ನೀರು ಕುಡಿಯುತ್ತಾ ಈಜು ಕಲಿಯುವುದಿಲ್ಲವೇ, ಹಾಗೆ. ಮನೆಯ ಪಟಗಳೆಲ್ಲ ಆಗ ಚದುರಿದ ಕೋಳಿಮರಿಗಳಂತೆ ಇದ್ದವು: ಮಗ ಉದಯನ ಲ್ಯಾಪ್‌ಟಾಪಿನಲ್ಲಿ ಅರ್ಧ, ಸೊಸೆ ಹೇಮಶ್ರೀ ಮಹಡಿಯಲ್ಲಿ ಕಸೂತಿಯ ಚಿತ್ರ ಬಿಡಿಸುವ ಕಂಪ್ಯೂಟರಿನಲ್ಲಿ ಒಂದಷ್ಟು, ಮಿಕ್ಕದ್ದು ಮೊಬೈಲುಗಳಲ್ಲಿ. ದೇರಣ್ಣ ಒಂದು ಹಳೆಯ ಕಂಪ್ಯೂಟರನ್ನು ಚಾವಡಿಯ ಮೂಲೆಯಲ್ಲಿ ಕೂರಿಸಿದ. ಸ್ಪ್ರಿಂಕ್ಲರಿಗೆ ತಂದು ಮಿಕ್ಕಿದ ಪೈಪಿನೊಳಗೆ ನೆಟ್‌ವರ್ಕ್ ವಯರು ತೂರಿಸಿ ಮಹಡಿಗೆ ಏರಿಸಿದ. ಪಟಗಳನ್ನೆಲ್ಲ ತಂದು ಅಲ್ಲಿಗೇ ಸುರಿದ. ಭತ್ತ ತುಂಬಿಡಲು ಮನೆಗೆ ಒಂದೇ ಪತ್ತಾಯ ಇರುತ್ತದಲ್ಲ, ಹಾಗೆ ಪತ್ತಾಯ ಒಂದು, ಬಾಗಿಲು ಹಲವು. ಒಬ್ಬರು ಹಾಕಿದರೆ ಎಲ್ಲರಿಗೂ ಸಿಗುತ್ತದೆ, ಒಬ್ಬರು ತೆಗೆದರೆ ಎಲ್ಲರಿಗೂ ಹೋಗುತ್ತದೆ. ಅದಕ್ಕೇ, ತೆಗೆಯುವ ಅಧಿಕಾರ ತನಗೊಬ್ಬನಿಗೇ ಎಂದು ಬೀಗ ಹಾಕಿಟ್ಟುಕೊಂಡ.

ಕಳೆದ ಮಳೆಗಾಲದಲ್ಲಿ ಪತ್ತಾಯ ತುಂಬಿ ತುಳುಕಿತು. ದೇರಣ್ಣ ಅಡಿಕೆ ಹೆಕ್ಕಿದ ಹಾಗೆಯೇ ಪಟಗಳನ್ನೂ ಹೆಕ್ಕಿದ. ಕಣ್ಣು ಮುಚ್ಚಿದ್ದು, ಅಲುಗಿದ್ದು, ಬೆರಳು ಅಡ್ಡ ಬಂದದ್ದು ಎಲ್ಲ ಎಡಕ್ಕೆ.

ಮೊನ್ನೆ ಬೇಸಗೆಯಲ್ಲಿ ಅವನ ಹೆಂಡತಿ ತಿಮ್ಮಕ್ಕನಿಗೆ ಆಲಂಕಾರಿನಿಂದ ತಮ್ಮ ಮಹಾಲಿಂಗನ ಫೋನ್ ಬಂತು. "ಅಕ್ಕ, ಆದಿತ್ಯವಾರ ಹೊಸ ಮನೆ ಒಕ್ಕಲು. ಅವ್ವನ ಪಟ ದೊಡ್ಡದು ಮಾಡಿಸಿ ತರುದು ನಿನ್ನ ಜವಾಬ್ದಾರಿ."

ತೀರಿಹೋದ ಅವ್ವನದ್ದು ಇದ್ದದ್ದೇ ಒಂದು ಪಟ. ಉದಯನ ಮದುವೆಯಲ್ಲಿ, ಪಾಯಸದ ಪಾತ್ರೆ ಹಿಡಿದು ಓಡುವಾಗ ಯಾರೋ ತೆಗೆದದ್ದು. ದೇರಣ್ಣ ಸುಳ್ಯಕ್ಕೆ ಹೋಗಿದ್ದ. ಹೇಮಶ್ರೀ ಚಾವಡಿಯಲ್ಲಿ ಹುಡುಕಿದಳು, ಮಹಡಿಯಲ್ಲಿ ಹುಡುಕಿದಳು, ಉದಯನ ಲ್ಯಾಪ್‌ಟಾಪಿನಲ್ಲೂ ಹುಡುಕಿದಳು. ಪಾಯಸ ಬಡಿಸುವವರೆಲ್ಲ ಇದ್ದರು, ಅವ್ವ ಇಲ್ಲ.

"ಅತ್ತೆ, ಮಾವ ಮಳೆಗಾಲದಲ್ಲಿ ಪಟ ಹೆಕ್ಕಿದ್ದಾರಲ್ಲ…" ಎಂದವಳು ಅರ್ಧಕ್ಕೇ ನಿಲ್ಲಿಸಿದಳು.

ತಿಮ್ಮಕ್ಕ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು. ತಮ್ಮನಿಗೆ ಎಂತ ಹೇಳುವುದು? ಅವ್ವನ ಮುಖ ಇನ್ನೆಲ್ಲಿ ನೋಡುವುದು?

ಸಂಜೆಯ ಬಸ್ಸಿನಲ್ಲಿ ಬಂದ ದೇರಣ್ಣ ಅಂಗಳಕ್ಕೆ ಕಾಲಿಡುವುದೇ ತಡ, ಸಿಡಿಲು ಬಡಿಯಿತು.

"ನನ್ನ ಅವ್ವನ್ನ ಎಂತ ಮಾಡಿದ್ರಿ?"

"ಎಂತ ಮಾರಾಯ್ತಿ, ಅತ್ತೆ ಹೋಗಿ ಎಷ್ಟು ವರ್ಷ ಆಯ್ತು!"

"ಪಟ! ಪಾಯಸದ ಪಾತ್ರೆಯ ಪಟ!"

ದೇರಣ್ಣ ತಲೆ ಕೆರೆದುಕೊಂಡ. "ಪಾತ್ರೆ ನೆನಪುಂಟು. ಹಿಡಿದವರು ಅಲುಗಿದ್ರು. ಕೋಕಕ್ಕೆ ಹಾಕಿದೆ."

"ನನ್ನ ಅವ್ವ ನಿಮ್ಗೆ ಕೋಕವಾ? ನಿಮ್ಗೆ ಹೆಣ್ಣು ಕೊಟ್ಟ ಅತ್ತೆಯ ಗುರ್ತ ಸಿಕ್ಕಲಿಲ್ವಾ?"

"ಅಲುಗಿದವರ ಗುರ್ತ ಹಿಡಿಯುದು ಹೇಗೆ?"

ಹೇಮಶ್ರೀ ಮೆಲ್ಲಗೆ ಕೇಳಿದಳು. "ಮಾವ, ಕೋಕ ಅಂದ್ರೆ ಅಳಿಸಿದ್ದಾ?"

ದೇರಣ್ಣನಿಗೆ ಈಗ ನಿಜವಾಗಿ ಸಿಟ್ಟು ಬಂತು. "ಕೋಕವನ್ನು ಬಿಸಾಡುವ ಮನೆತನವಾ ನಮ್ಮದು? ಈ ಮನೆಯಲ್ಲಿ ಕೋಕದ ಚೀಲ ಯಾರದ್ದು?"

ತಿಮ್ಮಕ್ಕ ಒಪ್ಪಬೇಕಾಯಿತು. "…ನಂದು."

"ಮತ್ತೆ! ನಿನ್ನ ಹೆಸರಿಗೇ ಹಾಕಿದ್ದೇನೆ. ನಿನ್ನ ಮೊಬೈಲಿನಲ್ಲಿ ಮಾತ್ರ ತೆರೆಯುದು. ಹೇಳಿದ್ದೆ ಕೂಡ. ನೀನು ಹಪ್ಪಳ ಒತ್ತುತ್ತಾ ಹೂಂ ಅಂದಿದ್ದಿ."

ಮಾತಾಡಲಿಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ತಿಮ್ಮಕ್ಕ ಮುಟ್ಟದ ಮೊಬೈಲು ಅದು. ಹೇಮಶ್ರೀ ಅದರಲ್ಲಿ ಅತ್ತೆಯ ಹೆಸರಿನ ಬಾಗಿಲು ತೆರೆದಳು. ಒಳಗೆ ರಾಶಿ ಬಿದ್ದಿತ್ತು: ಬಿದ್ದು ಏಳುತ್ತಿದ್ದ ಉದಯ, ಸೀನುತ್ತಿದ್ದ ದೇರಣ್ಣ, ಬಾಲ ಮಾತ್ರ ಸಿಕ್ಕಿದ ನಾಯಿ. ಅವುಗಳ ನಡುವೆ ಅವ್ವ, ಪಾತ್ರೆ ಹಿಡಿದು, ಬಾಯಿ ತುಂಬ ನಗುತ್ತಾ, ಅರ್ಧ ಮಸುಕು.

ತಿಮ್ಮಕ್ಕ ಮೊಬೈಲನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಕಣ್ಣನ್ನು.

ಸುಳ್ಯದ ಸ್ಟುಡಿಯೋದವನು ತಕರಾರು ತೆಗೆದ. "ಅಲುಗಿದ್ದುಂಟು ಅಮ್ಮ. ದೊಡ್ಡದು ಮಾಡಿದ್ರೆ ಇನ್ನೂ ಮಸುಕು ಕಾಣ್ತದೆ."

"ಕಾಣಲಿ. ನಮ್ಮ ಅವ್ವ ಒಂದು ಕಡೆ ನಿಂತದ್ದು ಯಾವಾಗ?"

ಆದಿತ್ಯವಾರ ಆಲಂಕಾರಿನ ಹೊಸ ಮನೆಯಲ್ಲಿ ಪಟ ಗೋಡೆಗೇರಿತು. ಮಹಾಲಿಂಗ ಹತ್ತಿರ ಹೋಗಿ ನೋಡಿದ. "ಹೌದು ಅಕ್ಕ, ಇದು ಅವ್ವನೇ. ಈಗ ಪಾತ್ರೆ ಕೆಳಗಿಟ್ಟು ನಮ್ಗೆ ಬೈಲಿಕ್ಕೆ ಶುರು ಮಾಡ್ತಾಳೆ." ಊಟಕ್ಕೆ ಬಂದವರೆಲ್ಲ ನಕ್ಕರು. ದೇರಣ್ಣ ಮಾತ್ರ ಪಟದ ಎದುರು ನಿಂತು ಒಮ್ಮೆ ಕೈ ಮುಗಿದ, ದೇವರಿಗೆ ತಪ್ಪುಕಾಣಿಕೆ ಹಾಕಿದವನ ಹಾಗೆ.

ಈಗ ಮಳೆ ಹಿಡಿದ ಮಧ್ಯಾಹ್ನ ದೇರಣ್ಣ ಪಟ ಹೆಕ್ಕಲು ಕುಳಿತರೆ ಪಕ್ಕದಲ್ಲಿ ಇನ್ನೊಂದು ಕುರ್ಚಿ ಇರುತ್ತದೆ. ಅವನು ಒಂದು ಪಟವನ್ನು ಎಡಕ್ಕೆ ಎಳೆಯುವಷ್ಟರಲ್ಲಿ ತಿಮ್ಮಕ್ಕನ ಕೈ ಅಡ್ಡ ಬರುತ್ತದೆ.

"ನಿಲ್ಲಿ ಮಾರಾಯ್ರೆ, ಅದು ಯಾರೂಂತ ಮೊದಲು ನೋಡುವ."