ಅತ್ತೆಯ ಹಲ್ಲಿನ ಸೆಟ್

ಕಳೆದ ವರ್ಷ ಮಳೆ ಕಡಿಮೆಯಾಗಿ ಬೋಟುಗಳು ಕಡಲಿಗಿಳಿದ ಹೊಸತು. ಬೈಂದೂರಿನ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ತಲ್ಲೂರಿನ ನಮ್ಮ ಮನೆಗೆ ಬಂದು ಮೂರು ತಿಂಗಳಾಗಿತ್ತು. ಬಂಗುಡೆ ಸಾರು ಎಂದರೆ ಜೀವ ಬಿಡುವ ಅವರು ಅವತ್ತು ಒಂದು ತುತ್ತು ಬಾಯಿಗಿಟ್ಟು ಬಟ್ಟಲು ಸರಿಸಿದರು.

"ಎಂತ ಆಯ್ತ್ ಅಮ್ಮ?" ಹೆಂಡತಿ ಕೇಳಿದಳು.

"ಬಾಯಿ ಉರಿತ್ತ್ ಮಗಾ. ಎಂತದೂ ಸೇರುದಿಲ್ಲೆ."

ಒಳಕೋಣೆಗೆ ಕರೆದೊಯ್ದು, ಹಲ್ಲಿನ ಸೆಟ್ ತೆಗೆಸಿ, ಟಾರ್ಚ್ ಹಾಕಿ ನೋಡಿದ ಹೆಂಡತಿ ಬಿಳಿಚಿಕೊಂಡು ಹೊರಬಂದಳು. ಅಂಗುಳೆಲ್ಲ ಕೆಂಪು, ಅಲ್ಲಲ್ಲಿ ಬಿಳಿ ಪೊರೆ. ನಲವತ್ತು ವರ್ಷ ಎಲೆಯಡಿಕೆ, ಹೊಗೆಸೊಪ್ಪು ಜಗಿದ ಬಾಯಿ ಅದು. ಇಬ್ಬರ ತಲೆಗೂ ಕ್ಯಾನ್ಸರ್ ಎಂದೇ ಬಂತು, ಬಾಯಿಬಿಟ್ಟು ಮಾತ್ರ ಯಾರೂ ಹೇಳಲಿಲ್ಲ. ಮೊಬೈಲಿಗೆ ಯಾರೋ ಕಳಿಸಿದ್ದನ್ನು ನಂಬಿ ಹೆಂಡತಿ ನಾಲ್ಕು ದಿನ ತೆಂಗಿನೆಣ್ಣೆ ಸವರಿದಳು. ಉರಿ ಕಡಿಮೆಯಾಗಲಿಲ್ಲ. ನನ್ನ ಹಾರ್ಡ್‌ವೇರ್ ಅಂಗಡಿಯಲ್ಲಿ ಗಿರಾಕಿ ಮೊಳೆ ಕೇಳಿದರೆ ನಾನು ಸ್ಕ್ರೂ ಕೊಡುತ್ತಿದ್ದೆ.

ಕಡೆಗೆ ಕುಂದಾಪುರದ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಅವರು ಅಂಗುಳ ನೋಡಿ, ಆಮೇಲೆ ಸೆಟ್ಟನ್ನು ಬೆಳಕಿಗೆ ಹಿಡಿದು ಕೆರೆದರು. ಲೋಳೆಯಂಥ ಪದರ ಎದ್ದುಬಂತು.

"ಸೆಟ್ ಕೂತಷ್ಟೇ ಜಾಗ ಕೆಂಪಾಯ್ತ್ ಕಾಣಿ. ಇದ್ ಫಂಗಸ್ ಮಾರಾಯ್ರೆ, ನೀವ್ ಹೆದ್ರಿದ್ದ್ ಅಲ್ಲ. ರಾತ್ರಿ ಇದನ್ನ್ ತೆಗ್ದ್ ಇಡ್ತ್ರಿಯಾ ಅಮ್ಮ?"

ಅತ್ತೆ ಬಾಯಿಗೆ ಸೆರಗು ಹಿಡಿದು ನನ್ನತ್ತ ಒಮ್ಮೆ ನೋಡಿ, ಗೋಡೆಯ ಕಡೆ ತಿರುಗಿದರು. "ಅಳಿಯ ಇಪ್ಪು ಮನಿಯಂಗೆ ಬೊಚ್ಚ್ ಬಾಯಿ ಬಿಟ್ಕಂಡ್ ತಿರ್ಗುಕ್ ಆತ್ತಾ?"

ಮೂರು ತಿಂಗಳು ಹಗಲೂ ರಾತ್ರಿ ಬಾಯಲ್ಲೇ! ಅದೂ ನನ್ನ ದೆಸೆಯಿಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹೆಂಡತಿ ಮೆಲ್ಲಗೆ ತೆಂಗಿನೆಣ್ಣೆಯ ಸಂಗತಿ ಎತ್ತಿದಳು. ಡಾಕ್ಟರು ನಕ್ಕರು. "ಅಂಥದ್ದೆಲ್ಲ ಲ್ಯಾಬಂಗೆ ಪರೀಕ್ಷೆ ಮಾಡ್ತಾ ಇದ್ರ್. ಅದನ್ನೇ ನಂಬ್ಕಂಡ್ ಕೂಕಂಬುಕಾಗ. ಸೆಟ್ ದಿನಾ ಬ್ರಷಂಗೆ ಉಜ್ಜಿ, ರಾತ್ರಿ ತೆಗ್ದ್ ನೀರಂಗೆ ಇಡಿ. ಅಂಗುಳಕ್ಕೆ ಬಿಡುವು ಸಿಕ್ರೆ ಬಾಯಿ ಜೊಲ್ಲೇ ಅರ್ಧ ಕೆಲ್ಸ ಮಾಡತ್ತ್." ಹಚ್ಚಲು ಮದ್ದು ಕೊಟ್ಟು, ಹೊಗೆಸೊಪ್ಪು ಬಿಡಲು ಗದರಿಸಿ, ಹದಿನೈದು ದಿನ ಬಿಟ್ಟು ಬರಹೇಳಿದರು.

ಹದಿನೈದು ದಿನದ ಮೇಲೆ "ಪೂರಾ ಗುಣ ಆಯ್ತ್" ಎಂದಾಗ ನಾನು ಹೊರಬಂದು ಬೆಂಚಿನ ಮೇಲೆ ಕೂತೆ. ಫಂಗಸ್ ಎಂದು ಡಾಕ್ಟರು ಹೇಳಿದ ಮೇಲೂ ಒಳಗೊಂದು ಹೆದರಿಕೆ ಉಳಿದೇ ಇತ್ತು. ಅಷ್ಟು ದಿನದ ಮೇಲೆ ಅವತ್ತೇ ಸರಿಯಾಗಿ ಉಸಿರಾಡಿದ್ದು.

ಈಗ ಬೆಳಿಗ್ಗೆ ಚಾ ಕುಡಿಯುವಾಗ ಅತ್ತೆ ಬೊಚ್ಚು ಬಾಯಲ್ಲೇ ನನ್ನೆದುರು ಕೂತು, ಸೆರಗು ಅಡ್ಡ ಹಿಡಿಯದೆ ನಗುತ್ತಾರೆ. ಆ ನಗು ನೋಡಿದಾಗ ನನಗೆ ಸಮಾಧಾನ. ಜೊತೆಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ಮೂರು ತಿಂಗಳು ಒಂದೇ ಸೂರಿನಡಿ ಇದ್ದೂ, ಇದು ತಮ್ಮದೇ ಮನೆ ಎಂದು ಅವರಿಗೆ ಒಮ್ಮೆಯೂ ಅನಿಸುವಂತೆ ನಾನು ನಡೆದುಕೊಂಡಿರಲಿಲ್ಲ.