ಕೋಟೆ ಎದುರಿನ ಲಾಡ್ಜಿನಲ್ಲಿ ನರ್ಸಮ್ಮ

೧೯೯೯ರ ಆಷಾಢದ ಒಂದು ಬೆಳಿಗ್ಗೆ ಪಿರಿಯಾಪಟ್ಟಣದ ಹಳೇ ಕೋಟೆಯ ಎದುರಿನ ಲಾಡ್ಜಿಗೆ ಅರ್ಧ ನರೆತ ಕೂದಲಿನ ಹೆಂಗಸೊಬ್ಬಳು ಏರ್‌ಬ್ಯಾಗು ಹಿಡಿದು ಬಂದು ರೂಮು ಕೇಳಿದಳು. ಲಾಡ್ಜಿನ ಯಜಮಾನ ಮೆಹಬೂಬ್ ಅವಳ ಬೆನ್ನ ಹಿಂದೆ ಬಾಗಿಲ ಕಡೆ ನೋಡಿದ.

"ಯಜಮಾನ್ರು ಹಿಂದೆ ಬತ್ತಾ ಅವ್ರಾ ಅಮ್ಮಾ?"

"ಇಲ್ಲ. ನಾನೊಬ್ಳೇ."

"ಒಂಟಿ ಹೆಂಗಸ್ರಿಗೆ ಕೊಡಲ್ಲ ಅಮ್ಮಾ. ಪೊಲೀಸ್ನೋರು ಬಂದು ಕೇಳ್ತಾರೆ."

"ಕೇಳ್ಲಿ ಬುಡಿ, ನಾನೇ ಉತ್ತರ ಕೊಡ್ತೀನಿ. ಇಷ್ಟೊಂದು ರೂಮಲ್ಲಿ ಈಗ ಯಾರವ್ರೆ ಹೇಳಿ?"

ಯಾರೂ ಇರಲಿಲ್ಲ. ಹೊಗೆಸೊಪ್ಪಿನ ಹರಾಜು ಶುರುವಾದರೆ ಕಂಪನಿಯವರು, ದಲ್ಲಾಳಿಗಳು ಬಂದು ವರಾಂಡದಲ್ಲೂ ಚಾಪೆ ಹಾಸಬೇಕಾಗುತ್ತಿತ್ತು. ಬೇಸಿಗೆಯಲ್ಲಿ ಕೊಡಗಿಗೆ ಹೋಗುವವರು ಇಳಿದುಕೊಳ್ಳುತ್ತಿದ್ದರು. ಆಷಾಢದಲ್ಲಿ ಮಾತ್ರ ಸೋನೆಮಳೆ, ಗೋಡೆಯ ಮೇಲಿನ ಪಾಚಿ, ಒಣಗದ ಬೆಡ್‌ಶೀಟು. ಮೆಹಬೂಬ್ ತಲೆ ಕೆರೆದುಕೊಂಡು ಮಹಡಿಯ ಮೂಲೆ ರೂಮಿನ ಬೀಗದ ಕೈ ಕೊಟ್ಟ. ಅದರ ಕಿಟಕಿಗೆ ಕೋಟೆಯ ಕುಸಿದ ಗೋಡೆಯೂ ನೀರು ನಿಂತ ಕಂದಕವೂ ಕಾಣುತ್ತಿದ್ದವು.

ಅವಳ ಹೆಸರು ಚಾಮುಂಡಮ್ಮ. ಕೆ.ಆರ್. ನಗರದ ಹತ್ತಿರದ ಮಿರ್ಲೆ ಕಡೆಯವಳು. ಸರ್ಕಾರದ ನರ್ಸಾಗಿ ಊರೂರು ತಿರುಗಿ, ಆ ವರ್ಷವಷ್ಟೇ ನಿವೃತ್ತಿಯಾಗಿದ್ದಳು. ಎಷ್ಟೋ ಹಳ್ಳಿಗಳ ಮಕ್ಕಳು ಮೊದಲು ಕಂಡ ಮುಖ ಅವಳದು. ಕ್ವಾರ್ಟರ್ಸು ಬಿಟ್ಟ ಮೇಲೆ ಊರಲ್ಲಿ ತಮ್ಮನ ಮನೆ ಸೇರಿದಳು. ಅಲ್ಲಿ ಯಾರೂ ಅವಳನ್ನು ನೋಯಿಸಲಿಲ್ಲ, ಆದರೆ ಅವಳಿಗೆ ಕೂರಲಾಗಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು, ಬಾಗಿಲಿಗೆ ಹೋಗಿ ಬರುವಳು. ಅಂಥ ದಿನಗಳಲ್ಲಿ ಮದುವೆಯೊಂದರಲ್ಲಿ ಕಂಪಲಾಪುರದ ನೆಂಟರೊಬ್ಬರು ಪಕ್ಕ ಕೂತು ಮೆಲ್ಲಗೆ ಹೇಳಿದರು: "ನಿನ್ ಗಂಡ ಮಂಚಯ್ಯ ಸತ್ತಿಲ್ಲ ಕಣವ್ವ. ಪಿರಿಯಾಪಟ್ಣದ ಕೋಟೆ ಒಳಗೆ ಇನ್ನೊಬ್ಳನ್ನ ಕಟ್ಕಂಡು ಅವ್ನೆ. ಮಗ್ಳು ಹೂವಿನಂಗಡಿ ಇಟ್ಕಂಡವ್ಳೆ."

ಮಂಚಯ್ಯ ಮನೆ ಬಿಟ್ಟಾಗ ಅವಳಿಗೆ ಇಪ್ಪತ್ತೆರಡು. ಜಗಳವಿಲ್ಲ, ಮಾತಿಲ್ಲ. ಒಂದು ಬೆಳಿಗ್ಗೆ ಅಂಬಲಿ ಕುಡಿದು, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಸಂತೆಗೆಂದು ಹೋದವನು ಬರಲಿಲ್ಲ. ವರ್ಷ ಕಾದ ಮೇಲೆ ಅಪ್ಪ ಅವಳನ್ನು ನರ್ಸ್ ಟ್ರೈನಿಂಗಿಗೆ ಕಳಿಸಿದ. ಅವನು ಹೋಗದಿದ್ದರೆ ತಾನು ನರ್ಸಾಗುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದರಿಂದ ಸಿಟ್ಟೇನೂ ಕಮ್ಮಿಯಾಗಿರಲಿಲ್ಲ. ಯಾಕೆ ಹೋದೆ ಎಂದು ಒಂದು ಸಲ ಮುಖ ಕೊಟ್ಟು ಕೇಳಬೇಕಿತ್ತು, ಅಷ್ಟೇ.

ಹೂವಿನಂಗಡಿ ಮೊದಲನೆಯ ದಿನವೇ ಸಿಕ್ಕಿತು, ಕೋಟೆ ಬಾಗಿಲಿನ ಪಕ್ಕದಲ್ಲೇ. ಮೊಂಡು ಮೂಗಿನ, ಮದುವೆಯಾಗದ ಹುಡುಗಿ ಪವಿತ್ರಾ ಕಾಕಡ ಹೂವು ಕಟ್ಟುತ್ತ ಕೂತಿದ್ದಳು. ಆ ಮೂಗು ಮಂಚಯ್ಯನದೇ. ಚಾಮುಂಡಮ್ಮ ಎರಡು ಮೊಳ ಹೂವು ಕೊಂಡು ವಾಪಸು ಬಂದಳು. ಮಾರನೆಯ ದಿನವೂ ಹಾಗೇ. ದಿನಾ ಬೆಳಿಗ್ಗೆ ಎದ್ದು ಸೀರೆಗಳನ್ನು ಮಡಿಸಿ ಏರ್‌ಬ್ಯಾಗಿಗೆ ತುಂಬುವಳು. ಇವತ್ತು ಊರಿಗೆ ಹೋಗಿಬಿಡುವುದೇ ಸರಿ. ಬಸ್‌ಸ್ಟ್ಯಾಂಡಿನ ತನಕ ಹೋಗುವಳು. ಕೆ.ಆರ್. ನಗರದ ಬಸ್ಸು ಬರುವುದು, ಕಂಡಕ್ಟರು ಕೂಗುವನು, ಅದು ಹೊರಟೂ ಹೋಗುವುದು. ಆಮೇಲೆ ಕಂದಕದ ಏರಿಯ ಮೇಲೆ ಕೊಡೆ ಹಿಡಿದು ಸುಮ್ಮನೆ ನಡೆಯುವಳು. ಮತ್ತೆ ಅದೇ ಬೀಗದ ಕೈ, ಅದೇ ಮೂಲೆ ರೂಮು.

"ಏನಮ್ಮಾ, ಯಾರಾದ್ರೂ ಬರೋರು ಅವ್ರಾ?" ಎಂದು ಮೆಹಬೂಬ್ ಒಮ್ಮೆ ಕೇಳಿದ.

"ನಾನೇ ಓಗ್ಬೇಕಾಗಿರೋದು. ಕಾಲು ಬತ್ತಾ ಇಲ್ಲ ಕಣಪ್ಪಾ."

ಅವನು ಮುಂದೆ ಕೇಳಲಿಲ್ಲ. ಆದರೆ ರಿಜಿಸ್ಟರು ನೋಡಿ, ಅವಳು ನರ್ಸಮ್ಮ ಎಂಬುದನ್ನು ಮಾತ್ರ ಹೂವಿನಂಗಡಿಯಲ್ಲಿ ಹೇಳಿದ್ದ. ಮರುದಿನ ಪವಿತ್ರಾ ತಾನೇ ಲಾಡ್ಜಿಗೆ ಬಂದು ಮೆಟ್ಟಿಲ ಬಳಿ ನಿಂತಳು.

"ಅಮ್ಮಾ, ನಮ್ಮಪ್ಪಂಗೆ ಲಕ್ವ ಒಡ್ದು ಮಲಗೈತೆ. ಬೆನ್ನಲ್ಲಿ ಉಣ್ಣಾಗಿ ವಾಸ್ನೆ ಬತ್ತೈತೆ. ಆಸ್ಪತ್ರೆಗೆ ಒತ್ಕಂಡೋಗಕ್ಕೆ ನಮ್ಮ ಕೈಲಾಗಲ್ಲ. ಒಂದು ಸಲ ನೋಡ್ತೀರಾ?"

ಬರುವುದಿಲ್ಲ ಎನ್ನುವುದು ಚಾಮುಂಡಮ್ಮನಿಗೆ ಅಭ್ಯಾಸವೇ ಇರಲಿಲ್ಲ. "ಬಿಸಿನೀರು ಕಾಯಿಸಿರು, ಬತ್ತೀನಿ," ಎಂದುಬಿಟ್ಟಳು. ಹೇಳಿದ ಮೇಲೆ ಮೆಡಿಕಲ್ ಸ್ಟೋರಿಗೆ ಹೋಗಿ ಮುಲಾಮು, ಪಟ್ಟಿ ಕೊಂಡಳು.

ಮನೆ ಕೋಟೆಯ ಒಳಗಿನ ಓಣಿಯಲ್ಲಿತ್ತು. ಒಳಗೆ ಚಾಪೆಯ ಮೇಲೆ ಮಲಗಿದ್ದವನು ಅವಳು ಬೈಯಲು ಬಂದಿದ್ದ ಮನುಷ್ಯನಲ್ಲ. ಮೂಳೆ, ಬಿಳಿ ಗಡ್ಡ, ಒಂದು ಕಡೆಗೆ ವಾಲಿದ ಬಾಯಿ. ಪಕ್ಕದಲ್ಲಿ ಅವನ ಈಗಿನ ಹೆಂಡತಿ ಸಣ್ಣತಾಯಮ್ಮ ಕೂತಿದ್ದಳು, ನಿದ್ದೆಗೆಟ್ಟ ಸಣಕಲು ಹೆಂಗಸು. ಚಾಮುಂಡಮ್ಮ ಸೆರಗು ಸಿಕ್ಕಿಸಿಕೊಂಡು ಅವನನ್ನು ಮಗ್ಗುಲಿಗೆ ಹೊರಳಿಸಿದಳು. ಹುಣ್ಣು ತೊಳೆದಳು, ಸತ್ತ ಚರ್ಮ ತೆಗೆದಳು, ಮುಲಾಮು ಹಚ್ಚಿ ಪಟ್ಟಿ ಕಟ್ಟಿದಳು. ಮತ್ತೆ ಅಂಗಾತ ಮಲಗಿಸುವಾಗ ಅವನ ಕಣ್ಣು ಅವಳ ಮೇಲೆ ನೆಟ್ಟಿತು. ಆ ಕಣ್ಣಿಂದ ನೀರು ಇಳಿದು ಕಿವಿಗೆ ಹೋಯಿತು.

"ಆಯ್ತು," ಎಂದ ಮಂಚಯ್ಯ.

"ಬಾಯಲ್ಲಿ ಬರೋದು ಅದೊಂದೇ ಮಾತು ಕಣವ್ವ," ಎಂದಳು ಸಣ್ಣತಾಯಮ್ಮ. "ಅಸಿವಾದ್ರೂ ಆಯ್ತು, ನೋವಾದ್ರೂ ಆಯ್ತು."

ಅವತ್ತಿನಿಂದ ಚಾಮುಂಡಮ್ಮ ದಿನಾ ಹೋದಳು. ಬ್ಯಾಗು ತುಂಬುವುದನ್ನೂ ಬಿಡಲಿಲ್ಲ. ಬೆಳಿಗ್ಗೆ ತುಂಬಿಟ್ಟು, ಪಟ್ಟಿ ಬದಲಾಯಿಸಲು ಹೋಗಿ, ಬಂದು ಮತ್ತೆ ಬಿಚ್ಚುವಳು. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಳ್ಳುವಳು. ಕೇಳಲು ಬಂದವಳು ಬೆನ್ನು ತೊಳೆಯುತ್ತಿದ್ದೇನಲ್ಲ!

ಒಂದು ದಿನ ಸಣ್ಣತಾಯಮ್ಮ ಸೊಸೈಟಿಗೆ ಸೀಮೆಎಣ್ಣೆಗೆಂದು ಹೋಗಿದ್ದಳು, ಪವಿತ್ರಾ ಅಂಗಡಿಯಲ್ಲಿದ್ದಳು. ಚಾಮುಂಡಮ್ಮ ಬಾಗಿಲು ಮುಂದೆ ಮಾಡಿ ಅವನ ತಲೆಯ ಬಳಿ ಕೂತಳು.

"ನಾನ್ಯಾರು ಗೊತ್ತಾಯ್ತಾ?"

"ಆಯ್ತು."

"ಯಾಕ್ ಬುಟ್ಟೋದೆ? ನಾನೇನ್ ಮಾಡಿದ್ದೆ ನಿಂಗೆ?"

"ಆಯ್ತು."

"ಏನ್ ಆಯ್ತು? ನಿನ್ ತಲೆ! ಒಂದ್ ಮಾತು ಯೋಳಿ ಓಗಕ್ಕೆ ಏನಾಗಿತ್ತು ನಿಂಗೆ?"

ಅವನು ಬಾಯಿ ತೆರೆದ. ತುಟಿ ಏನನ್ನೋ ಕಟ್ಟಲು ಹೆಣಗಿತು, ಕತ್ತಿನ ನರ ಉಬ್ಬಿತು. ಕೊನೆಗೆ ಹೊರಬಂದದ್ದು ಅದೇ, "ಆಯ್ತು." ಚಾಮುಂಡಮ್ಮನಿಗೆ ತಡೆಯಲಾರದ ನಗು ಬಂತು. ನಗುತ್ತ ನಗುತ್ತಲೇ ಅಳು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡು, ಎದ್ದು ಬಾಗಿಲು ತೆರೆದರೆ ಸಣ್ಣತಾಯಮ್ಮ ಸೀಮೆಎಣ್ಣೆ ಡಬ್ಬ ಹಿಡಿದು ಜಗಲಿಯ ಮೇಲೆ ಕೂತಿದ್ದಳು.

"ಅಕ್ಕಾ," ಎಂದಳು ಅವಳು, ತಲೆ ಎತ್ತದೆ. "ನೀವು ಬಂದ ಮೊದಲ್ನೇ ದಿನಾನೇ ಅಂದ್ಕಂಡೆ. ಆವಯ್ಯ ನನ್ ಮುಂದೆ ಯಾವತ್ತೂ ಅತ್ತೋನಲ್ಲ."

"ನಾನಿದೀನಿ ಅಂತ ನಿಂಗೆ ಗೊತ್ತಿತ್ತಾ?"

"ಮಗ್ಳುಟ್ಟಿದ್ಮೇಲೆ ಯೋಳ್ದ. ಯಾಕ್ ಬುಟ್ ಬಂದೆ ಅಂತ ನಾನೂ ಕೇಳ್ದೆ ಕಣಕ್ಕ. ಬಾಯ್ ಬರೋ ಕಾಲ್ದಲ್ಲೂ ಯೋಳ್ನಿಲ್ಲ. ದಿನಾ ಮನೇಲಿ ಕೂತ್ರೆ ಉಸ್ರು ಕಟ್ತಿತ್ತು ಅಂದ, ಅಷ್ಟೇಯ. ನಮ್ಮನ್ನೂ ಎಷ್ಟ್ ಸಲ ಬುಟ್ಟೋಗವ್ನೆ! ತಿಂಗ್ಳು ಕಳದು ಬರೋನು. ಇದೊಂದ್ ಸಲ ನೋಡಿ, ಎದ್ದೋಗಕ್ಕಾಗ್ದೆ ಉಳ್ಕಂಡಿರೋದು."

ಚಾಮುಂಡಮ್ಮ ಅವಳ ಪಕ್ಕದಲ್ಲೇ ಕೂತಳು. ಮಳೆ ಹನಿಯುತ್ತಿತ್ತು. ತಮ್ಮನ ಮನೆಯಲ್ಲಿ ತನಗೂ ಹಾಗೇ ಉಸಿರು ಕಟ್ಟಿದ್ದು ಅವಳಿಗೆ ನೆನಪಾಗಿ, ಆ ನೆನಪಿನ ಮೇಲೇ ಸಿಟ್ಟು ಬಂತು. ಅವನಿಗೂ ತನಗೂ ಒಂದೇ ರೋಗ ಎಂದು ಒಪ್ಪಲು ಮನಸ್ಸು ಸುತರಾಂ ಸಿದ್ಧವಿರಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಹುಣ್ಣು ಆರಿತು. ಹರಾಜಿನ ಜನ ಬರತೊಡಗಿದರು. ಮೆಹಬೂಬ್ ಕೇಳುವ ಮೊದಲೇ ಅವಳು ರೂಮು ಖಾಲಿ ಮಾಡಿದಳು. ಆದರೆ ಮಿರ್ಲೆಗೆ ಹೋಗಲಿಲ್ಲ. ಹುಣಸೂರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ ಹಿಡಿದಳು. ರಜೆ ಸಿಕ್ಕಾಗ ಬಸ್ಸು ಹತ್ತಿ ಬಂದು ಅವನ ಬೆನ್ನು ನೋಡಿ, ಸಣ್ಣತಾಯಮ್ಮನ ಕೈಯ ಮುದ್ದೆ ಉಂಡು ಹೋಗುವಳು. ಅವನೊಡನೆ ಅವಳು ಮತ್ತೆ ಮಾತಾಡಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಮಂಚಯ್ಯ ತೀರಿಕೊಂಡ. ಪವಿತ್ರಾ ಫೋನು ಮಾಡಿಸಿದಾಗ ಚಾಮುಂಡಮ್ಮ ಹೆರಿಗೆ ವಾರ್ಡಿನಲ್ಲಿದ್ದಳು. ಕೈಯಲ್ಲಿದ್ದ ಹೆರಿಗೆ ಮುಗಿಸಿಯೇ ಹೊರಟಳು. ಅವಳೂ ಅವನ ಹೆಂಡತಿ ಎಂಬುದು ಅಷ್ಟರಲ್ಲಿ ಓಣಿಗೆಲ್ಲ ಗೊತ್ತಾಗಿತ್ತು. ಮಣ್ಣಾದ ಮೇಲೆ ಅಲ್ಲಿನ ಮುದುಕಿಯರು ಇಬ್ಬರು ಹೆಂಗಸರ ಕೈಯನ್ನೂ ನೋಡಿದರು. ಸಣ್ಣತಾಯಮ್ಮನ ಬಳೆ ಒಡೆದರು. ಚಾಮುಂಡಮ್ಮನ ಕಡೆ ಒಬ್ಬಳು ಬಂದಾಗ ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಇವು ನಾನು ದುಡ್ದು ತೊಟ್ಕಂಡವು. ಬುಡಿ."

ಯಾರೂ ಬಲವಂತ ಮಾಡಲಿಲ್ಲ. ಸಣ್ಣತಾಯಮ್ಮ ಮಾತ್ರ ಅಳು ನಿಲ್ಲಿಸಿ ಅವಳ ಕಡೆ ನೋಡಿದಳು. ಅಂದು ಚಾಮುಂಡಮ್ಮ ಲಾಡ್ಜಿಗೆ ಹೋಗಲಿಲ್ಲ, ಅವರ ಮನೆಯಲ್ಲೇ ಉಳಿದಳು. ಮಾರನೆಯ ಬೆಳಿಗ್ಗೆ ಪವಿತ್ರಾ ಬಸ್‌ಸ್ಟ್ಯಾಂಡಿನ ತನಕ ಬಂದಳು. "ದೊಡ್ಡವ್ವಾ, ಇನ್ನೂ ಬತ್ತೀರಾ?" ಎಂದು ಕೇಳಿದಳು. ಬರುತ್ತೇನೆ ಎಂದು ಚಾಮುಂಡಮ್ಮ ಹೇಳಿದ್ದು ನಿಜ, ಬಂದದ್ದೂ ನಿಜ. ಆ ಹುಡುಗಿಯ ಮದುವೆಗೂ, ಬಾಣಂತನಕ್ಕೂ.